ಪದ್ಮಿನಿಯ ಹಳೆಯ ಸೊಲೆಕ್ಸ್: ಹೊಸದನ್ನು ಕೊಳ್ಳುವುದೋ, ಇರುವುದನ್ನೇ ಕಟ್ಟಿಸುವುದೋ?

ನನ್ನ 1986ರ ಪ್ರೀಮಿಯರ್ ಪದ್ಮಿನಿ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಿಗ್ನಲ್ಲುಗಳಲ್ಲಿ ಚಾಲೂ ಉಳಿಯದಂತಾಗಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಎಂಜಿನ್ ಬಂದ್ ಆಗುತ್ತಿತ್ತು. ಬಂದ್ ಆಗದಿರಲೆಂದು, ನಿಂತಾಗಿನ ಎಂಜಿನ್ ಓಟವನ್ನು ಹೊಂದಿಸುವ ಸ್ಲೋ ತಿರುಪನ್ನು ಏರಿಸಿದರೆ, ಬಿಸಿಯಾದ ಮೇಲೆ ಅದೇ ಎಂಜಿನ್ ನಿಂತಲ್ಲೇ ಭೋರೆಂದು ಓಡುತ್ತಿತ್ತು. ಎರಡನೇ ಗೇರಿನಲ್ಲಿ ಒತ್ತಿದರೆ ಒಂದು ಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಎಳೆಯುತ್ತಿತ್ತು. ಕಿಡಿ ಹೊತ್ತಿಸುವ ಪಾಯಿಂಟ್ ಮತ್ತು ಪ್ಲಗ್, ವಾಲ್ವ್ ತೆರೆಯುವ ಟ್ಯಾಪೆಟ್ ಮೂರನ್ನೂ ಸರಿಪಡಿಸಿದ ಮೇಲೂ ಈ ತೊಂದರೆ ಹೋಗದಿದ್ದಾಗ ದೋಷ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನದೇ, ಅಂದರೆ ಸೊಲೆಕ್ಸ್ ಎಂಬ ಹೆಸರಿನ ಆ ಭಾಗದ್ದೇ ಎಂದು ತೀರ್ಮಾನಿಸಿದೆ. ಈ ಮೂರನ್ನು ಮೊದಲು ನೋಡದೆ ಕಾರ್ಬ್ಯುರೇಟರಿಗೆ ಕೈ ಹಾಕುವವರು ಬಹಳ ಮಂದಿ. ಸ್ಪಾರ್ಕಿನ ದೋಷಕ್ಕೆ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ತುಂಡು) ಬದಲಿಸಿದರೆ ಎರಡೂ ಕೆಡುತ್ತವೆ.

ಮುಂದಿನ ನಾಲ್ಕು ತಿಂಗಳಲ್ಲಿ ಅಂಗಡಿಗಳಲ್ಲಿ ಸಿಗುವ ಹೊಸ ನಕಲು ಕಾರ್ಬ್ಯುರೇಟರ್, ಮಾರುತಿ 800ರ ಕಾರ್ಬ್ಯುರೇಟರ್, ಎರಡು ಬಗೆಯ ರಿಪೇರಿ ಕಿಟ್, ಕೊನೆಗೆ ಲೇತ್ ಕೆಲಸ, ಇಷ್ಟನ್ನೂ ಕಣ್ಣಾರೆ ನೋಡಿ, ಕೆಲವನ್ನು ಕೈಯಾರೆ ಮಾಡಿ, ಹಣ ಕೊಟ್ಟು ಕಲಿತಿದ್ದೇನೆ. ಪದ್ಮಿನಿಯನ್ನೋ ಅದಕ್ಕೂ ಹಿಂದಿನ ಫಿಯೆಟ್ 1100 ಅನ್ನೋ ಇಟ್ಟುಕೊಂಡು ಇದೇ ಪ್ರಶ್ನೆಯ ಮುಂದೆ ನಿಂತಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು, ಈ ಎಂಜಿನ್ನಿಗೆ ಬೇಕಾದದ್ದೆಷ್ಟು ಎಂಬ ಲೆಕ್ಕ. ಮುಂಬಯಿಯ ಕುರ್ಲಾದಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಹೊರಬಂದು, 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಈ ಕಾರಿನ ಎಂಜಿನ್ 1089 ಸಿಸಿಯದು, ಶಕ್ತಿ ಸುಮಾರು 40 ಅಶ್ವಶಕ್ತಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದ ಗಾಳಿಯನ್ನು ಎಳೆಯುವುದರಿಂದ, ನಿಮಿಷಕ್ಕೆ 4800 ಸುತ್ತಿನಲ್ಲಿ ಅದಕ್ಕೆ ಹೆಚ್ಚೆಂದರೆ 2600 ಲೀಟರ್ ಗಾಳಿ ಬೇಕು. ಸಿಲಿಂಡರುಗಳು ಎಂದೂ ಪೂರ್ತಿ ತುಂಬುವುದಿಲ್ಲವಾದ್ದರಿಂದ ನಿಜವಾಗಿ ಬೇಕಾಗುವುದು ಅದಕ್ಕೂ ಕಡಿಮೆ. ನನ್ನ ಕಾರಿನ ಮೇಲಿರುವ ಸೊಲೆಕ್ಸಿನ ಮೈಮೇಲೆ ಅಚ್ಚೊತ್ತಿರುವ 32 ಎಂಬ ಅಂಕಿ ಅದರ ಬಾಯಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ, ಮತ್ತು ಆ ಅಳತೆ ಈ ಗಾಳಿಗೆ ಧಾರಾಳವಾಗಿ ಸಾಕು. ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾಯಿ ದೊಡ್ಡದಾದಷ್ಟೂ ಕಡಿಮೆ ವೇಗದಲ್ಲಿ ಗಾಳಿಯ ಓಟ ನಿಧಾನವಾಗಿ, ಪೆಟ್ರೋಲ್ ಹನಿಗಳು ಒಡೆಯದೆ, ಊರೊಳಗಿನ ಓಡಾಟ ಇನ್ನಷ್ಟು ಹದಗೆಡುತ್ತದೆ.

ಹೊಸ ನಕಲನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ನೋಡಿದೆ. ಹೇಳಿದ ಬೆಲೆ 4,800 ರೂಪಾಯಿ. ಹೊರಗಿನಿಂದ ಹೊಳೆಯುತ್ತಿತ್ತು, ತಿರುಪುಗಳೆಲ್ಲ ಹೊಸವು, ಪೆಟ್ಟಿಗೆಯೂ ಚೆಂದ. ಆದರೆ ಅಂಗಡಿಯವರ ಒಪ್ಪಿಗೆ ಪಡೆದು ಜೆಟ್ಟುಗಳನ್ನು ಬಿಚ್ಚಿದಾಗ ಮೇನ್ ಜೆಟ್ಟಿನ ಮೇಲೆ ಅಂಕಿಯೇ ಇರಲಿಲ್ಲ. ಸೊಲೆಕ್ಸ್ ಜೆಟ್ಟುಗಳ ಮೇಲಿನ ಅಂಕಿ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ: 120 ಎಂದರೆ 1.20 ಮಿಲಿಮೀಟರ್. ಅಂಕಿ ಇಲ್ಲದ ಜೆಟ್ಟನ್ನು ಹಾಕಿಕೊಂಡವರು ಮುಂದೆ ಯಾವ ಹೊಂದಾಣಿಕೆಯನ್ನೂ ಲೆಕ್ಕದಿಂದ ಮಾಡಲಾರರು. ಜೊತೆಗೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ಬಿಲ್ಲೆಯನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ಒಂದು ಬದಿಯಲ್ಲಿ ಅಮಾವಾಸ್ಯೆ ಕಳೆದ ಚಂದ್ರನ ಅಂಚಿನಂತೆ ಬೆಳಕು ಕಾಣುತ್ತಿತ್ತು. ಹೊಸದರಲ್ಲೇ ಹೀಗಿದ್ದರೆ ಐಡ್ಲಿಂಗ್ (ಕಾಲು ತೆಗೆದಾಗಿನ ಎಂಜಿನ್ ಓಟ) ಎಂದಿಗೂ ಸ್ಥಿರವಾಗದು. ನಾನು ಅದನ್ನು ಕೊಳ್ಳಲಿಲ್ಲ, ಯಾರಿಗೂ ಸಲಹೆ ಮಾಡುವುದೂ ಇಲ್ಲ.

ಮಾರುತಿಯ ಕಾರ್ಬ್ಯುರೇಟರನ್ನು ಅಡಾಪ್ಟರ್ ಪ್ಲೇಟಿನ ಮೇಲೆ ಕೂರಿಸುವುದು ನಮ್ಮ ಕಡೆ ಬಹಳ ಕಾಲದಿಂದ ನಡೆದುಬಂದಿದೆ, ಮತ್ತು ಅದಕ್ಕೆ ಕಾರಣವೂ ಇದೆ: ಅದರ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ಅದನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ಕುಗಳು ಎಲ್ಲ ಊರಲ್ಲೂ ಇದ್ದಾರೆ, ಮೈಲೇಜ್ ತುಸು ಏರುವುದೂ ಉಂಟು. ಸ್ನೇಹಿತರೊಬ್ಬರ ಪದ್ಮಿನಿಯಲ್ಲಿ ಈ ವ್ಯವಸ್ಥೆ ಇದೆ. ತುಮಕೂರಿನವರೆಗೆ ನಾನೇ ಓಡಿಸಿ ನೋಡಿದೆ. ಗಂಟೆಗೆ 50 ಕಿಲೋಮೀಟರಿನವರೆಗೆ ನನ್ನ ಕಾರಿಗಿಂತ ಮೃದುವಾಗಿಯೇ ಓಡಿತು. 70 ದಾಟಿದ ಮೇಲೆ, ಅದರಲ್ಲೂ ನಾಲ್ಕು ಜನ ಕೂತು ಏರು ಹತ್ತುವಾಗ, ಎಷ್ಟು ಒತ್ತಿದರೂ ಇನ್ನಿಲ್ಲ ಎನ್ನುವಂತಿತ್ತು. 796 ಸಿಸಿಯ ಎಂಜಿನ್ನಿಗೆಂದು ರೂಪಿಸಿದ್ದನ್ನು 1089 ಸಿಸಿಯ ಮೇಲೆ ಕೂರಿಸಿದರೆ ಆಗುವುದು ಇದೇ. ಅಡಾಪ್ಟರಿನಿಂದಾಗಿ ಒಂದು ಪ್ಯಾಕಿಂಗ್ ಇರಬೇಕಾದಲ್ಲಿ ಎರಡಾಗುತ್ತದೆ, ಅಂದರೆ ಗಾಳಿ ಸೋರುವ ಜಾಗ ಎರಡಾಗುತ್ತದೆ. ಊರೊಳಗೆ ಮಾತ್ರ ಓಡಾಡುವವರಿಗೆ ಇದನ್ನು ಬೇಡವೆನ್ನಲಾರೆ. ಹೆದ್ದಾರಿಗೂ ಘಾಟಿಗೂ ಹೋಗುವ ನನಗೆ ಅದು ಹೊಂದದು.

ಈಗ ಸ್ಪೇನಿನಲ್ಲಿ ತಯಾರಾಗುವ ವೆಬರ್ ಕಾರ್ಬ್ಯುರೇಟರ್ ಒಂದನ್ನು ತರಿಸುವ ಯೋಚನೆಯನ್ನೂ ಕೆಲವು ದಿನ ಮಾಡಿದೆ. ವಸ್ತು ಒಳ್ಳೆಯದು, ಜೆಟ್ಟುಗಳೆಲ್ಲ ಅಂಕಿ ಸಮೇತ ಸಿಗುತ್ತವೆ. ಆದರೆ ಸಾಗಣೆ, ಸುಂಕ, ಅಡಾಪ್ಟರ್, ಲಿಂಕೇಜ್ ಎಲ್ಲ ಸೇರಿದರೆ ಹಳೆಯದನ್ನು ಐದಾರು ಸಲ ಕಟ್ಟಿಸಬಹುದಾದ ಹಣವಾಗುತ್ತದೆ.

ಉಳಿದದ್ದು ಇರುವುದನ್ನೇ ಕಟ್ಟಿಸುವುದು. ಇದನ್ನು ಕಟ್ಟಿದ ಮೇಸ್ತ್ರಿಗಳು ಎಪ್ಪತ್ತರ ಸಮೀಪದವರು, ಮೈಸೂರು ರಸ್ತೆಯ ಬದಿಯ ಒಂದು ಸಣ್ಣ ಶೆಡ್ಡಿನಲ್ಲಿ ಕಾರ್ಬ್ಯುರೇಟರ್ ಕೆಲಸವನ್ನಷ್ಟೇ ಮಾಡುವವರು. ಕೈಯಲ್ಲಿ ಹಿಡಿದು ಥ್ರಾಟಲ್ ಸ್ಪಿಂಡಲನ್ನು ಅಡ್ಡಕ್ಕೆ ಒಮ್ಮೆ ಅಲ್ಲಾಡಿಸಿ, "ಕಿಟ್ ಹಾಕಿ ಏನ್ ಮಾಡ್ತೀರಾ ಸಾರ್, ಗಾಳಿ ಇಲ್ಲಿಂದ ನುಗ್ತಾ ಇದೆ. ಬಾಡಿ ಚೆನ್ನಾಗಿದೆ, ಬಿಸಾಕಬೇಡಿ, ಬುಶ್ ಹಾಕೋಣ" ಎಂದರು. ಇಡೀ ರಿಪೇರಿಯ ತಿರುಳು ಆ ಮಾತಿನಲ್ಲಿತ್ತು.

ಅದು ಏಕೆಂದು ವಿವರಿಸಬೇಕು. ಐಡ್ಲಿಂಗಿನಲ್ಲಿ ಥ್ರಾಟಲ್ ಬಿಲ್ಲೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ, ಆದ್ದರಿಂದ ಅದರ ಕೆಳಗಿನ ನಿರ್ವಾತ ಅತ್ಯಂತ ಬಲವಾಗಿರುವುದು ಆಗಲೇ. ಆ ಬಿಲ್ಲೆಯನ್ನು ಹೊತ್ತ ಸ್ಪಿಂಡಲ್ ನಲವತ್ತು ವರ್ಷ ತಿರುಗಿ ತಿರುಗಿ ಮೈಯಲ್ಲಿನ ರಂಧ್ರವನ್ನು ಅಂಡಾಕಾರಕ್ಕೆ ಸವೆಸಿದ್ದರೆ, ಜೆಟ್ಟುಗಳ ಲೆಕ್ಕಕ್ಕೆ ಬಾರದ ಗಾಳಿ ಆ ಸಂದಿನಿಂದ ಒಳನುಗ್ಗಿ ಮಿಶ್ರಣವನ್ನು ಸಪ್ಪೆ (ಪೆಟ್ರೋಲ್ ಕಡಿಮೆ) ಮಾಡುತ್ತದೆ. ವೇಗವಾಗಿ ಓಡುವಾಗ ಇದೇ ಸೋರಿಕೆ ಒಟ್ಟು ಗಾಳಿಯ ಸಣ್ಣ ಪಾಲಾಗಿ ಗೊತ್ತೇ ಆಗುವುದಿಲ್ಲ. ಜೊತೆಗೆ, ಸಡಿಲವಾದ ಸ್ಪಿಂಡಲ್ ಪ್ರತಿ ಸಲ ಮುಚ್ಚುವಾಗಲೂ ಒಂದೇ ಜಾಗದಲ್ಲಿ ಕೂರುವುದಿಲ್ಲ. ಅದಕ್ಕೇ ಒಂದು ಸಿಗ್ನಲ್ಲಿನಲ್ಲಿ ಬಂದ್ ಆದ ಎಂಜಿನ್ ಮುಂದಿನ ಸಿಗ್ನಲ್ಲಿನಲ್ಲಿ ಭೋರೆನ್ನುತ್ತಿತ್ತು. ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು: ತಣ್ಣಗಿನ ಎಂಜಿನ್ನನ್ನು ಆಗಷ್ಟೇ ಚಾಲೂ ಮಾಡಿ, ಸ್ಪಿಂಡಲಿನ ಎರಡೂ ತುದಿಗಳಿಗೆ ಕಾರ್ಬ್ಯುರೇಟರ್ ಕ್ಲೀನರನ್ನು ಒಂದಿಷ್ಟು ಸಿಂಪಡಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಸೋರಿಕೆ ಅಲ್ಲೇ ಇದೆ. ಕ್ಲೀನರ್ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಬಿಸಿ ಎಂಜಿನ್ನಿನ ಮೇಲೆ ಈ ಪರೀಕ್ಷೆ ಬೇಡ.

ಬಿಚ್ಚಿದಾಗ ಕಂಡದ್ದು ಇಷ್ಟು. ಪೆಟ್ರೋಲ್ ತುಂಬಿ ನಿಲ್ಲುವ ಫ್ಲೋಟ್ ಚೇಂಬರಿನ ತಳದಲ್ಲಿ ಒದ್ದೆ ಸುಣ್ಣದಂಥ ಬಿಳಿ ಪುಡಿ ಕೂತಿತ್ತು. ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಚುಚ್ಚುತ್ತಿತ್ತು. ಪೆಟ್ರೋಲಿನಲ್ಲಿ ಬೆರೆಸಿದ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕಾರು ವಾರಗಟ್ಟಲೆ ನಿಂತರೆ ಆ ನೀರು ತಳ ಸೇರಿ ಸತುವಿನ ಮಿಶ್ರಲೋಹವನ್ನು ತಿನ್ನುತ್ತದೆ. ಐಡ್ಲಿಂಗ್ ಜೆಟ್ಟಿನ ರಂಧ್ರದಲ್ಲಿ ಇದೇ ಪುಡಿಯ ಒಂದು ಕಣ ಸಿಕ್ಕಿಕೊಂಡಿತ್ತು. ಮೇಸ್ತ್ರಿಗಳು ಅದನ್ನು ತಂತಿಯಿಂದ ಚುಚ್ಚಲಿಲ್ಲ. ರಾತ್ರಿಯಿಡೀ ಕ್ಲೀನರಿನಲ್ಲಿ ನೆನೆಸಿ, ಬೆಳಿಗ್ಗೆ ಗಾಳಿಯ ಒತ್ತಡದಿಂದ ಊದಿ ತೆಗೆದರು. ಹಿತ್ತಾಳೆಯ ಜೆಟ್ಟಿಗೆ ಉಕ್ಕಿನ ತಂತಿ ತೂರಿಸುವವರನ್ನು ಕಂಡರೆ ಕಾರನ್ನು ವಾಪಸ್ ತೆಗೆದುಕೊಂಡು ಬರುವುದೇ ಲೇಸು, ಏಕೆಂದರೆ ಒಂದು ಗೀರು ಬಿದ್ದರೂ ಆ ಜೆಟ್ಟಿನ ಅಂಕಿ ಸುಳ್ಳಾಗುತ್ತದೆ.

ಬುಶ್, ಅಂದರೆ ಸವೆದ ರಂಧ್ರದೊಳಗೆ ಕೂರಿಸುವ ಲೋಹದ ಬಳೆ, ಹಾಕುವ ಕೆಲಸವನ್ನು ನಿಂತು ನೋಡಿದೆ. ಥ್ರಾಟಲ್ ಬಿಲ್ಲೆಯ ಎರಡು ಪುಟ್ಟ ತಿರುಪುಗಳು ಕಳಚಿ ಎಂಜಿನ್ನೊಳಗೆ ಬೀಳದಿರಲೆಂದು ಅವುಗಳ ತುದಿಯನ್ನು ಕಾರ್ಖಾನೆಯಲ್ಲೇ ಬಡಿದು ಅರಳಿಸಿರುತ್ತಾರೆ. ಅದನ್ನು ಅರದಿಂದ ಉಜ್ಜದೆ ನೇರವಾಗಿ ತಿರುಗಿಸಿದರೆ ಸ್ಪಿಂಡಲಿನ ಮರೆಯೇ (ತಿರುಪು ಕೂರುವ ಸುರುಳಿ ಗೆರೆ) ಹರಿದುಹೋಗುತ್ತದೆ. ಬಿಲ್ಲೆಯ ಅಂಚು ಓರೆಯಾಗಿರುವುದರಿಂದ ಯಾವ ಮುಖ ಮೇಲಿತ್ತೆಂದು ಮೊದಲೇ ಗುರುತು ಹಾಕಿಕೊಂಡರು. ಆಮೇಲೆ ಮೈಯನ್ನು ಲೇತಿನವರ ಬಳಿಗೆ ಒಯ್ದು, ಎರಡೂ ಬದಿಯ ರಂಧ್ರಗಳನ್ನು ಒಂದೇ ರೀಮರಿನಿಂದ ಒಂದೇ ನೇರದಲ್ಲಿ ದೊಡ್ಡದು ಮಾಡಿಸಿ, ಕಂಚಿನ ಬುಶ್ಶುಗಳನ್ನು ಒತ್ತಿ ಕೂರಿಸಿ, ಅವಕ್ಕೆ ಸರಿಹೊಂದುವ ಹೊಸ ಉಕ್ಕಿನ ಸ್ಪಿಂಡಲನ್ನು ಕಡೆಸಿದರು. ಒಂದೊಂದು ಬದಿಯನ್ನು ಬೇರೆ ಬೇರೆಯಾಗಿ ಕೊರೆದರೆ ನೇರ ತಪ್ಪಿ ಸ್ಪಿಂಡಲ್ ಬಿಗಿಯಾಗುತ್ತದೆ, ಆಕ್ಸಿಲರೇಟರ್ ಹಿಡಿದುಕೊಳ್ಳುತ್ತದೆ, ಅದು ಅಪಾಯ. ಬಿಲ್ಲೆಯನ್ನು ಮತ್ತೆ ಜೋಡಿಸುವಾಗ ತಿರುಪುಗಳನ್ನು ಅರ್ಧ ಬಿಗಿದು, ಬಿಲ್ಲೆಯನ್ನು ಮೂರ್ನಾಲ್ಕು ಸಲ ತಟ್ಟನೆ ಮುಚ್ಚಿ ತಾನಾಗಿ ಮಧ್ಯಕ್ಕೆ ಕೂರುವಂತೆ ಮಾಡಿ, ಬಲ್ಬಿನ ಮುಂದೆ ಹಿಡಿದು ಸುತ್ತಲೂ ಕೂದಲೆಳೆಯಷ್ಟೂ ಬೆಳಕು ಕಾಣದಾದ ಮೇಲೆ ಬಿಗಿದರು. ಲೇತ್ ಮತ್ತು ಮೇಸ್ತ್ರಿಗಳ ಕೂಲಿ ಸೇರಿ 2,200 ರೂಪಾಯಿ ಕೊಟ್ಟೆ. ಈ ಕಾರಿಗೆ ಇಷ್ಟು ಸಾರ್ಥಕವಾಗಿ ಬೇರೆ ಯಾವ ಹಣವನ್ನೂ ಖರ್ಚು ಮಾಡಿಲ್ಲ.

ಎಂಜಿನ್ನಿನ ಕಡೆಗೆ ಕೂರುವ ತಳದ ಫ್ಲ್ಯಾಂಜ್ (ಚಪ್ಪಟೆ ಅಂಚು) ಕೂಡ ಬಾಗಿತ್ತು. ನಟ್ಟುಗಳನ್ನು ಅತಿಯಾಗಿ ಬಿಗಿದರೆ ಅದರ ಎರಡು ಕಿವಿಗಳು ಕೆಳಕ್ಕೆ ಬಾಗಿ ನಡುಭಾಗ ಉಬ್ಬುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹರಡಿ, ಅದರ ಮೇಲೆ ಫ್ಲ್ಯಾಂಜನ್ನು ಎಂಟರ ಆಕಾರದಲ್ಲಿ ಉಜ್ಜಿದಾಗ ಮೊದಲು ತುದಿಗಳು ಮಾತ್ರ ಹೊಳೆದವು. ಇಡೀ ಮುಖ ಒಂದೇ ಬಣ್ಣಕ್ಕೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಇನ್ನು ಕಿಟ್ಟುಗಳ ವಿಷಯ. ಮೊದಲು ಕೊಂಡದ್ದು 380 ರೂಪಾಯಿಯದು. ಪ್ಯಾಕಿಂಗುಗಳು ತೆಳು, ಪಂಪಿನ ಡಯಾಫ್ರಾಮಿನ (ರಬ್ಬರ್ ಪೊರೆಯ) ಆರು ರಂಧ್ರಗಳಲ್ಲಿ ಎರಡು ಮೈಯ ರಂಧ್ರಗಳಿಗೆ ಕೂಡುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ದೋಷ, ಫ್ಲೋಟ್ ಏರಿದಾಗ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವಿನದು: ಜೋಡಿಸಿದ ದಿನವೇ ಓವರ್‌ಫ್ಲೋ ಆಗಿ, ಕಾರು ನಿಲ್ಲಿಸಿದ ಹತ್ತು ನಿಮಿಷಕ್ಕೆ ಬಾನೆಟ್ಟಿನಡಿಯಿಂದ ಪೆಟ್ರೋಲಿನ ವಾಸನೆ ಬಂತು. ಹಿಂದಿರುಗಿಸಲು ಹೋದಾಗ ಅಂಗಡಿಯವರು ಬಿಚ್ಚಿದ ಕಿಟ್ ವಾಪಸ್ ಇಲ್ಲವೆಂದರು. ಎರಡನೆಯದಕ್ಕೆ 900 ರೂಪಾಯಿ. ಅದರ ಡಯಾಫ್ರಾಮ್ ಎಥೆನಾಲನ್ನು ತಡೆಯುವ ರಬ್ಬರಿನದು, ಪ್ಯಾಕಿಂಗ್ ದಪ್ಪ, ನೀಡಲಿನ ತುದಿ ನುಣುಪು. ಕೊಳ್ಳುವ ಮೊದಲು ಮಾಡಬೇಕಾದ ಒಂದು ಪರೀಕ್ಷೆಯನ್ನು ಮೇಸ್ತ್ರಿಗಳು ಹೇಳಿಕೊಟ್ಟರು: ವಾಲ್ವನ್ನು ತಲೆಕೆಳಗಾಗಿ ಹಿಡಿದು, ನೀಡಲ್ ತನ್ನ ತೂಕದಿಂದಲೇ ಮುಚ್ಚಿಕೊಂಡಾಗ, ಪೆಟ್ರೋಲ್ ಬರುವ ಬದಿಯಿಂದ ಬಾಯಲ್ಲಿ ಮೆಲ್ಲಗೆ ಊದಬೇಕು. ಗಾಳಿ ಸಲೀಸಾಗಿ ಹಾದುಹೋದರೆ ಆ ವಾಲ್ವ್ ಬೇಡ. ಅಂಗಡಿಯವರು ಊದಲು ಬಿಡದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಸೊಲೆಕ್ಸಿನಲ್ಲಿ ಪೆಟ್ರೋಲ್ ಮಟ್ಟವನ್ನು ನಿರ್ಧರಿಸುವುದು ಈ ವಾಲ್ವಿನ ಅಡಿಯ ವಾಷರಿನ ದಪ್ಪ. ಕಿಟ್ಟಿನಲ್ಲಿ ಬಂದ ವಾಷರ್ ಹಳೆಯದಕ್ಕಿಂತ ತೆಳುವಾಗಿದ್ದರೆ ವಾಲ್ವ್ ಮೇಲೇರಿ, ಫ್ಲೋಟ್ ತಡವಾಗಿ ಮುಚ್ಚಿ, ಮಟ್ಟ ಹೆಚ್ಚುತ್ತದೆ. ಹಳೆಯ ವಾಷರನ್ನು ಎಸೆಯದೆ ವರ್ನಿಯರಿನಲ್ಲಿ ಅಳೆದಿಟ್ಟುಕೊಳ್ಳುವುದು ಅಗತ್ಯ. ಎಷ್ಟೋ ರಿಪೇರಿಗಳು ಕೆಡುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ನೋಡಿದೆವು, ಗುಳ್ಳೆ ಏಳಲಿಲ್ಲ, ಅಲ್ಲಾಡಿಸಿದಾಗ ಒಳಗೆ ಪೆಟ್ರೋಲಿನ ಸದ್ದೂ ಇರಲಿಲ್ಲ. ಹಳೆಯದನ್ನೇ ಉಳಿಸಿಕೊಂಡೆ.

ಎರಡನೇ ಗೇರಿನ ಉಸಿರುಕಟ್ಟುವಿಕೆಗೆ ಕಾರಣ ಪಂಪಿನ ಡಯಾಫ್ರಾಮ್. ಹಳೆಯದು ಒಣ ಹಪ್ಪಳದಂತಾಗಿತ್ತು, ಬಾಗಿಸಿದರೆ ಬಿರುಕು ಬಿಡುತ್ತಿತ್ತು. ಥ್ರಾಟಲ್ ತಟ್ಟನೆ ತೆರೆದಾಗ ಗಾಳಿ ಕೂಡಲೇ ನುಗ್ಗುತ್ತದೆ, ಪೆಟ್ರೋಲ್ ಭಾರವಾದ್ದರಿಂದ ಹಿಂದೆ ಬೀಳುತ್ತದೆ, ಆ ಕೊರತೆಯನ್ನು ತುಂಬಲೆಂದೇ ಪಂಪು ಒಂದು ಚಿಲುಮೆಯನ್ನು ಹಾರಿಸಬೇಕು. ಹೊಸ ಡಯಾಫ್ರಾಮ್ ಹಾಕಿದ ಮೇಲೆ, ಎಂಜಿನ್ ನಿಂತಿರುವಾಗ ಏರ್ ಫಿಲ್ಟರ್ ತೆಗೆದು ಲಿಂಕೇಜನ್ನು ಕೈಯಲ್ಲಿ ಎಳೆದರೆ, ಸೂಜಿಯಷ್ಟು ಸಣ್ಣ ನೇರ ಧಾರೆ ತಡವಿಲ್ಲದೆ ಚಿಮ್ಮುವುದು ಕಾಣಿಸಿತು.

ಜೆಟ್ಟಿನ ಆಯ್ಕೆಗೆ ಹೆಚ್ಚು ಸಮಯ ಕೊಟ್ಟೆ, ಏಕೆಂದರೆ ಈ ಕಾರು ಹುಟ್ಟಿದಾಗ ಇದ್ದ ಪೆಟ್ರೋಲ್ ಈಗ ಇಲ್ಲ. ಬರಿಯ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಶೇ 20 ಎಥೆನಾಲ್ ಬೆರೆತ ಇಂದಿನ ಇಂಧನಕ್ಕೆ ಸುಮಾರು 13.5. ಅಂದರೆ ಅದೇ ಗಾಳಿಗೆ ತೂಕದಲ್ಲಿ ಸುಮಾರು ಶೇ 9ರಷ್ಟು ಹೆಚ್ಚು ಇಂಧನ ಹರಿಯಬೇಕು, ಇಲ್ಲದಿದ್ದರೆ ಮಿಶ್ರಣ ಸಪ್ಪೆಯಾಗಿ ಎಂಜಿನ್ ಬಿಸಿಯೇರುತ್ತದೆ. ನನ್ನ ಕಾರ್ಬ್ಯುರೇಟರಿನಲ್ಲಿದ್ದ ಮೇನ್ ಜೆಟ್ 120ರದು. ರಂಧ್ರದ ಕ್ಷೇತ್ರಫಲ ವ್ಯಾಸದ ವರ್ಗದಂತೆ ಏರುವುದರಿಂದ 125ರ ಜೆಟ್ ಹಾಕಿದರೆ ಶೇ 8.5ರಷ್ಟು ಹೆಚ್ಚಾಗುತ್ತದೆ. ಲೆಕ್ಕ ಸರಿಯಾಗಿಯೇ ಕಂಡಿತು, 125 ಹಾಕಿದೆ. ವಾರದ ನಂತರ ಪ್ಲಗ್ಗುಗಳು ಮಸಿ ಹಿಡಿದಿದ್ದವು, ಅಂದರೆ ಪೆಟ್ರೋಲ್ ಹೆಚ್ಚಾಗಿತ್ತು.

ನಾನು ಲೆಕ್ಕಕ್ಕೆ ತಾರದೆ ಬಿಟ್ಟದ್ದು ಬೆಂಗಳೂರಿನ ಎತ್ತರ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಇಲ್ಲಿ ಗಾಳಿಯ ಸಾಂದ್ರತೆ ಶೇ 8-9ರಷ್ಟು ಕಡಿಮೆ. ಕಾರ್ಬ್ಯುರೇಟರಿಗೆ ಅದು ತಿಳಿಯುವುದಿಲ್ಲ. ತೆಳುವಾದ ಗಾಳಿಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಬೆರೆಸುತ್ತದೆ, ಮತ್ತು ಈ ಎತ್ತರದಲ್ಲಿ ಆ ಹೆಚ್ಚಳ ಸುಮಾರು ಶೇ 4.5. ಹಾಗಾಗಿ ಎಥೆನಾಲ್ ತಂದ ಕೊರತೆಯ ಸುಮಾರು ಅರ್ಧವನ್ನು ಬೆಂಗಳೂರಿನ ಎತ್ತರವೇ ತುಂಬಿಕೊಡುತ್ತದೆ. ಉಳಿದದ್ದಕ್ಕೆ 122.5ರ ಜೆಟ್ ಸಾಕಾಯಿತು, ಅದು 120ಕ್ಕಿಂತ ಶೇ 4ರಷ್ಟು ಹೆಚ್ಚು. ಮಂಗಳೂರಿನಲ್ಲೋ ಕಾರವಾರದಲ್ಲೋ ಇದೇ ಕಾರಿಟ್ಟುಕೊಂಡವರಿಗೆ 125 ಬೇಕಾದೀತು. ಆದ್ದರಿಂದ ಬೇರೆ ಊರಿನವರ ಜೆಟ್ ಅಂಕಿಯನ್ನು ಹಾಗೇ ನಂಬಬಾರದು.

ಐಡ್ಲಿಂಗ್ ಮಿಶ್ರಣದ ತಿರುಪನ್ನು ಪೂರ್ತಿ ಮೆಲ್ಲಗೆ ಮುಚ್ಚಿ ಒಂದೂವರೆ ಸುತ್ತು ತೆರೆದು ಆರಂಭಿಸಿ, ಬಿಸಿಯಾದ ಎಂಜಿನ್ನಿನ ಸದ್ದು ಅತ್ಯಂತ ನಯವಾಗುವಲ್ಲಿ ನಿಲ್ಲಿಸಿದೆವು. ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 2.1 ಬಂತು, ಈ ಕಾರಿನ ಕಾಲದ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ ಮಿತಿ ಶೇ 3. ಊರೊಳಗೆ ಲೀಟರಿಗೆ ಒಂಬತ್ತಕ್ಕಿಳಿದಿದ್ದ ಮೈಲೇಜ್ ಈಗ ಹನ್ನೊಂದೂವರೆ. ತಣ್ಣಗಿನ ಎಂಜಿನ್ ಚಾಲೂ ಮಾಡಲು ನೆರವಾಗುವ ಚೋಕಿನ ಕೆಲಸ ಮಾತ್ರ ಇನ್ನೂ ಬಾಕಿ ಇದೆ: ಇದರಲ್ಲಿ ಗಾಳಿ ಮುಚ್ಚುವ ಬಿಲ್ಲೆಯ ಬದಲು ಬದಿಯಲ್ಲಿ ತಿರುಗುವ ಒಂದು ಸ್ಟಾರ್ಟರ್ ತಟ್ಟೆಯಿದ್ದು, ಅದು ಸವೆದು ಗುಂಡಿ ಒಳಗೆ ತಳ್ಳಿದ ಮೇಲೂ ತುಸು ಪೆಟ್ರೋಲನ್ನು ಬಿಡುತ್ತದೆ. ಆ ತಟ್ಟೆಯನ್ನು ಗಾಜಿನ ಮೇಲೆ ಉಜ್ಜಿ ಸಮ ಮಾಡಬೇಕು.

ಮೇನ್ ಜೆಟ್ಟನ್ನು ಮೇಲಿನ ಮುಚ್ಚಳ ತೆಗೆಯದೆ, ಫ್ಲೋಟ್ ಚೇಂಬರಿನ ಹೊರಗಿನಿಂದಲೇ ಬಿಚ್ಚಬಹುದು ಎಂಬುದು ಈ ಸೊಲೆಕ್ಸಿನ ಗುಣಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಕಳೆದ ತಿಂಗಳು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದಾಗ, ಗುಂಡ್ಯದಲ್ಲಿ ಕಾಫಿ ಕುಡಿದು ಎಂಜಿನ್ ಪೂರ್ತಿ ತಣಿಯುವವರೆಗೆ ಕಾದು, ಕೆಳಗೆ ಬಟ್ಟೆ ಹಿಡಿದು 122.5 ತೆಗೆದು 125 ಹಾಕಿದೆ. ಹತ್ತು ನಿಮಿಷವೂ ಆಗಲಿಲ್ಲ. ಮಂಗಳೂರಿನಲ್ಲಿ ಬಿಚ್ಚಿ ನೋಡಿದಾಗ ನಾಲ್ಕೂ ಪ್ಲಗ್ಗುಗಳ ತುದಿ ಹುರಿದ ರವೆಯ ಬಣ್ಣಕ್ಕಿತ್ತು. ವಾಪಸ್ ಬರುವಾಗ ಸಕಲೇಶಪುರದಲ್ಲಿ ಮತ್ತೆ 122.5 ಹಾಕಿಕೊಂಡೆ, 125 ಈಗ ಗ್ಲವ್ ಬಾಕ್ಸಿನಲ್ಲಿದೆ.